ಮುಚ್ಚಳ ತೆರೆದಿಟ್ಟ ಸಂಜೆ

ನಮ್ಮ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಬಾಗಿಲು ಒಂದೇ ಅಲ್ಲ, ಮುಚ್ಚಳ ಇರುವುದನ್ನೆಲ್ಲ ಮುಚ್ಚುತ್ತಾರೆ. ಹಿಟ್ಟಿನ ಡಬ್ಬಿ, ನೀರಿನ ಹರವಿ, ಬಟ್ಟೆಯ ಟ್ರಂಕು, ಸುಣ್ಣದ ಡಬ್ಬಿ. ತೊಟ್ಟಿಲಲ್ಲಿ ಮಗು ಬಾಯಿ ತೆರೆದು ಮಲಗಿದ್ದರೆ ತಾಯಿ ಎರಡು ಬೆರಳಿನಿಂದ ತುಟಿ ಕೂಡಿಸುತ್ತಾಳೆ. ಆಮೇಲೆ ಸುಮ್ಮನೆ ಕೂತುಕೊಳ್ಳುತ್ತಾರೆ. ನೆಲ ಸ್ವಲ್ಪ ತೂಗಿದ ಹಾಗಾಗುತ್ತದೆ, ನೆಲುವಿನ ಗಡಿಗೆ ಒಂದಿಷ್ಟು ಆಡುತ್ತದೆ. ಅದು ನಿಂತ ಮೇಲೆ ಊಟಕ್ಕೆ ಏಳುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬೇರೆ ಯಾರದೋ ಮನೆ.

ಮರ, ಬಾವಿ, ಗುಡಿ, ಮಸೀದಿ ನಿಂತಲ್ಲೇ ನಿಲ್ಲುತ್ತವೆ. ಸರಿಯುವುದು ಮನೆಗಳು ಮಾತ್ರ. ಹುಟ್ಟಿದಾಗಿನಿಂದ ನೋಡಿದವರಿಗೆ ಇದರಲ್ಲಿ ವಿಶೇಷವೇನಿಲ್ಲ. ಎದ್ದ ಕೂಡಲೇ ಎಡಬಲದ ಮನೆಗೆ ಹೋಗಿ ಮುಖ ತೋರಿಸಿ, ಯಾರು ಏನು ಎಂದು ಕೇಳಿ ಬರುವುದು ನಮ್ಮಲ್ಲಿ ರೂಢಿ. ಒಂದು ಬಟ್ಟಲು ಸಕ್ಕರೆ ಕಡ ತಂದರೆ ಕೊಟ್ಟವರಿಗೇ ತಿರುಗಿ ಕೊಡಬೇಕೆಂದಿಲ್ಲ, ಮರುದಿನ ಪಕ್ಕಕ್ಕೆ ಯಾರು ಬಂದಿರುತ್ತಾರೋ ಅವರಿಗೆ ಕೊಟ್ಟರಾಯಿತು. ಜಗಳವಾಡುವವರು ಮಾತ್ರ ಸಂಜೆಯೊಳಗೆ ಮುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಉಳಿದ ಬೈಗುಳಗಳು ಹೊಸಬರ ಪಾಲಿಗೆ ಬರುತ್ತವೆ.

ಬಾಗಿಲು ತೆರೆದೇ ಉಳಿದ ಮನೆ ಊರಲ್ಲಿ ನಿಲ್ಲುವುದಿಲ್ಲ. ನನಗೆ ಇನ್ನೂ ಮೀಸೆ ಬಂದಿರಲಿಲ್ಲ, ಆಗ ಕುಂಬಾರ ತಿಪ್ಪಣ್ಣನ ಮನೆ ಹಾಗೆ ಹೋಯಿತು. ಅವನ ಹೆಂಡತಿ ಕೋಳಿಯನ್ನು ಒಳಗೆ ಅಟ್ಟುವ ಗಡಿಬಿಡಿಯಲ್ಲಿ ಹಿಂದಿನ ಬಾಗಿಲು ಮರೆತಿದ್ದಳಂತೆ. ಬೆಳಿಗ್ಗೆ ಊರಿನ ಹೆಬ್ಬಾಗಿಲಿಗೆ, ಅಂದರೆ ನಮ್ಮ ಅಗಸಿಗೆ, ಹೋಗಿ ನೋಡಿದರೆ ಅಲ್ಲಿಯ ಕಲ್ಲಿಗೆ ಹೊಸ್ತಿಲು ತಿಕ್ಕಿದ ಗೆರೆ ಇತ್ತು. ಆ ಗೆರೆ ಇನ್ನೂ ಇದೆ. ನಸುಕಿನಲ್ಲಿ ಬಯಲಿನ ಆಚೆಯಿಂದ ತಿಪ್ಪಣ್ಣನ ಹುಂಜ ಕೂಗುವುದು ಕೇಳುತ್ತದೆ ಎನ್ನುವವರಿದ್ದಾರೆ. ನಾನೂ ಕೇಳಿದ್ದೇನೆ. ಹುಂಜ ಇಷ್ಟು ವರ್ಷ ಬದುಕುವುದಿಲ್ಲ ಎಂದು ನನಗೂ ಗೊತ್ತು. ಡಬ್ಬಿಯ ಮುಚ್ಚಳ ತೆರೆದಿದ್ದರೂ ಹಾಗೇ ಆಗುತ್ತದೋ, ಬಾಗಿಲಿಗೆ ಮಾತ್ರವೋ, ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ.

ನಾನು ಗಾದಿ ಹಿಂಜುವವನು. ದಾವಲಸಾಬ ಎಂದರೆ ಊರಿನವರಿಗೆ ಗೊತ್ತು. ಹೆಗಲ ಮೇಲೆ ಬಿಲ್ಲು ಇಟ್ಟುಕೊಂಡು, ತಂತಿ ಮೀಟುತ್ತ ಓಣಿ ಓಣಿ ತಿರುಗುತ್ತೇನೆ. ಗಂಟುಗಟ್ಟಿದ ಹತ್ತಿ ಹಿಂಜಿ ಹಗುರ ಮಾಡಿ ಮತ್ತೆ ತುಂಬಿಕೊಡುತ್ತೇನೆ. ಶಾಲೆಗೆ ಹೋದದ್ದು ಒಂದು ಮಳೆಗಾಲ, ಅಷ್ಟೇ. ಮನೆಯಲ್ಲಿ ನಾನು ಮತ್ತು ನನ್ನ ಹೆಂಡತಿ ಹುಸೇನಬಿ. ಬೇಸಿಗೆಯ ಮೊದಲಿಗೆ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಹಾಸಿಗೆ ಬಿಟ್ಟು ಏಳುವ ಹಾಗಿರಲಿಲ್ಲ. ಅದನ್ನು ಯಾರಿಗೂ ಹೇಳಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ದಿನಕ್ಕೊಂದು ನೆರೆ ಬರುವ ಊರಲ್ಲಿ ಅವಳ ಗುಟ್ಟು ಸುಲಭವಾಗಿ ನಡೆಯುತ್ತಿತ್ತು. ಬೆಳಿಗ್ಗೆ ಯಾರಾದರೂ ಇಣುಕಿದರೆ, "ಈಗ ಅಡ್ಡಾಗೀನ್ರಿ, ರಾತ್ರಿ ನಿದ್ದಿ ಇಲ್ಲ" ಎನ್ನುವಳು. ಅವರು ಹೋಗುವರು. ಮರುದಿನ ಬೇರೆಯವರು ಬರುವರು.

ಯಾರ ಮನೆ ಎಲ್ಲಿದೆ ಎಂದು ತಿಳಿಯಲು ಊರಲ್ಲಿ ಠಾವಿನ ಕಚೇರಿ ಇದೆ. ಅದೂ ಒಂದು ಮನೆಯೇ, ಅದೂ ಸರಿಯುತ್ತದೆ. ಆದರೆ ಅದರ ಮಾಳಿಗೆಯ ಮೇಲೆ ಎತ್ತರದ ಬಿದಿರಿಗೆ ಕೆಂಪು ಬಟ್ಟೆ ಕಟ್ಟಿರುತ್ತದೆ, ಅದನ್ನು ನೋಡಿಕೊಂಡು ಹೋಗಬೇಕು. ಒಂದು ಕಾಲಕ್ಕೆ ಎಲ್ಲರೂ ತಮ್ಮ ಮನೆಗೂ ಬಟ್ಟೆ ಕಟ್ಟಿಕೊಂಡು, ಊರೆಲ್ಲ ಒಗೆದ ಬಟ್ಟೆ ಒಣಹಾಕಿದ ಹಾಗೆ ಕಂಡು, ಯಾರಿಗೂ ಏನೂ ಸಿಗದೆ, ಕಚೇರಿಗೆ ಒಂದೇ ಸಾಕು ಎಂದು ಠರಾವಾಯಿತು. ಬೆಳಿಗ್ಗೆ ಪ್ರತಿ ಮನೆಯಿಂದ ಒಬ್ಬರು ಹೋಗಿ, ನಮ್ಮ ಎಡಕ್ಕೆ ಇಂಥವರು, ಬಲಕ್ಕೆ ಇಂಥವರು, ಹತ್ತಿರ ಇಂಥ ಮರ ಎಂದು ಹೇಳುತ್ತಾರೆ. ಕಂಪ್ಯೂಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೇಳಿದವರಿಗೆ ಹೇಳುತ್ತದೆ. ಒಂದು ಮನೆಯಿಂದ ದಿನಕ್ಕೆ ಒಂದೇ ಮಾತನ್ನು ಅದು ಒಪ್ಪುತ್ತದೆ. ಹಿಂದೆ ಅಣ್ಣತಮ್ಮಂದಿರಿಬ್ಬರು ಜಗಳಕ್ಕೆ ಬಿದ್ದು, ಒಂದೇ ಮನೆಯನ್ನು ಒಬ್ಬ ಬಾವಿ ಹತ್ತಿರ, ಒಬ್ಬ ಹುಣಸೆ ಮರದ ಹತ್ತಿರ ಎಂದು ಸರದಿಯ ಮೇಲೆ ಹೇಳಿಸುತ್ತ ಊರನ್ನು ಕುಣಿಸಿದ ಮೇಲೆ ಆ ಕಟ್ಟು ಮಾಡಿದ್ದರು.

ಆ ಹೇಳಿಕೆಗಳೆಲ್ಲ ಬಹಳ ವರ್ಷ ದೂರದ ಒಂದು ದೊಡ್ಡ ಊರಿನ ಯಂತ್ರದಲ್ಲಿ ಇರುತ್ತಿದ್ದವು. ಅಲ್ಲಿಂದ ಇಲ್ಲಿಗೆ ತಂತಿ. ಕಚೇರಿ ಬಹಳ ದೂರ ಸರಿದಾಗಲೆಲ್ಲ ತಂತಿ ಜಗ್ಗಿ ಹರಿಯುತ್ತಿತ್ತು. ಹರಿದ ದಿನ ಹಾಲು ಹಾಕುವವನು ಕ್ಯಾನು ಹಿಡಿದು ಅಳುವುದೊಂದೇ ಬಾಕಿ. ಅದಕ್ಕೆ ನಮ್ಮ ಗಂಗಾಂಬಿಕಾ, "ಆ ಡೇಟಾಬೇಸು ಇಲ್ಲೇ ತಂದು ಇಟ್ಟುಕೊಳ್ಳೂಣು" ಎಂದಳು. ಅವಳು ನೇಕಾರರ ಓಣಿಯ ಹುಡುಗಿ. ಓಣಿ ಎಂಬುದು ನಮ್ಮಲ್ಲಿ ಬರೀ ಮಾತಿಗೆ, ಮಗ್ಗದ ಸದ್ದು ಎಲ್ಲಿಂದಲೂ ಬರಬಹುದು. ಹೊರಗೆ ಹೋಗಿ ಕಲಿತು ಬಂದು ಕಚೇರಿ ನೋಡಿಕೊಳ್ಳುತ್ತಿದ್ದಳು.

ಅವಳು ಅದನ್ನು ಹೂಡುತ್ತಿದ್ದ ದಿನ ನಾನು ಕಚೇರಿಯ ಗಾದಿ ಹಿಂಜಲು ಹೋಗಿದ್ದೆ. ಮಡಚುವ ಕಂಪ್ಯೂಟರ್ ಒಂದನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡು ಕೂತಿದ್ದಳು.

"ಕಾಕಾ, ನಿಮ್ಮ ಗಾದಿ ಒಳಗ ಹತ್ತಿ ಇರತೈತಲ್ಲ, ಹಂಗ ಇದರೊಳಗ ಇನ್ನೊಂದು ಕಂಪ್ಯೂಟರ್ ಕುಂಡ್ರಿಸೀನಿ. ವರ್ಚುವಲ್ ಮಷೀನ್ ಅಂತಾರ. ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ. ಆದ್ರ ಅದಕ್ಕ ತನ್ನದೇ ನೆಲ, ತನ್ನದೇ ಗಡಿಯಾರ."

"ಹೊರಗಿಂದು ಚಲೋ ಐತಲ್ಲವ್ವಾ. ಮತ್ತ ಒಳಗೊಂದ್ಯಾಕ?"

"ಹೊರಗಿಂದ್ರಾಗ ಚೆನ್ನವೀರಪ್ಪ ಕಾಕಾನ ಭಜನಿ, ಮಂದಿ ಲಗ್ನದ ಫೋಟೋ, ಎಲ್ಲಾ ತುಂಬೇತಿ. ಈ ಡೇಟಾಬೇಸು ಆ ದೊಡ್ಡ ಊರಾಗ ಹೆಂಥಾ ಮನ್ಯಾಗ ಇತ್ತೋ ಹಂತಾದ್ದೇ ಬೇಕಂತೈತಿ. ಅದಕ್ಕ ಒಳಗ ಅಂಥದೇ ಒಂದು ಮನಿ ಕಟ್ಟಿಕೊಟ್ಟೀನಿ."

"ತಾನು ಇನ್ನೊಂದರ ಹೊಟ್ಟ್ಯಾಗ ಅದೀನಂತ ಅದಕ್ಕ ಗೊತ್ತೈತೇನು?"

ಗಂಗಾಂಬಿಕಾ ನಕ್ಕಳು. "ಇಲ್ರಿ. ಗೊತ್ತಿಲ್ಲದ್ದೇ ಚಲೋ."

ಕಚೇರಿ ಕಾಯುವ ಚೆನ್ನವೀರಪ್ಪ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ನನ್ನ ಭಜನಿ ಇದ್ದಲ್ಲೆ ಇರಲಿ ಮತ್ತ" ಎಂದ. "ನಿನ್ನ ಬಾಡಿಗಿದಾರನ ಸಲುವಾಗಿ ದೇವರನ್ನ ಹೊರಗ ಹಾಕಬ್ಯಾಡ."

ಮರುದಿನವೇ ಅದು ಶುರುವಾಯಿತು. ಆ ಬೆಳಿಗ್ಗೆ ಎಲ್ಲರೂ ಹೇಳಿದರು, ಕೇಳಿದವರಿಗೆ ಸರಿಯಾಗಿ ಸಿಕ್ಕಿತು. ನಾನು ಅಂದು ತವನಪ್ಪನವರ ಮನೆಗೆ ಮದುವೆಯ ಗಾದಿ ಹಿಂಜಲು ಹೊರಟಿದ್ದೆ. ಪಕ್ಕಕ್ಕೆ ಬಂದಿದ್ದ ಸಾತವ್ವನಿಗೆ, "ನಾ ಬರೂದು ತಡಾ ಆದ್ರ ನಮ್ಮ ಬಾಗಲಾ ಒಂದು ಎಳದುಬಿಡವ್ವಾ, ಆಕಿ ಮಲಕ್ಕೊಂಡಿರತಾಳ" ಎಂದಷ್ಟೇ ಹೇಳಿ ಹೋದೆ. ಹತ್ತಿ ಹಳೆಯದು, ಹಿಂಜಿದಷ್ಟೂ ಗಂಟು. ತಲೆ ಎತ್ತಿ ನೋಡುವುದರೊಳಗೆ ತವನಪ್ಪನವರ ಸೊಸೆ ದೀಪದ ಬತ್ತಿ ಹೊಸೆಯುತ್ತಿದ್ದಳು. ಆ ಹೊತ್ತಿನಲ್ಲಿ ನಮ್ಮ ಊರಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಅಲ್ಲೇ ಉಳಿದೆ. ಸಾತವ್ವ ಬಾಗಿಲು ಹಾಕಿರುತ್ತಾಳೆ ಎಂದು ನಂಬಿಕೆ ಇತ್ತು. ಆದರೂ ಅವರು ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಬೆಳಗಾದ ಕೂಡಲೇ ಕೆಂಪು ಬಟ್ಟೆ ಹುಡುಕಿ ಕಚೇರಿಗೆ ಹೋದೆ. ಜನ ಹೇಳಿ ಹೋಗುವವರೆಗೆ ಕಾಯ್ದೆ. ನನ್ನ ಸರದಿ ಬಂದಾಗ ಗಂಗಾಂಬಿಕಾ ಒತ್ತಿ ನೋಡಿ, "ಜೋಡು ಬಾವಿ ಹತ್ರ ಕಾಕಾ. ಬಲಕ್ಕ ಸಾತವ್ವ" ಎಂದಳು. ನಿನ್ನೆ ಇದ್ದಲ್ಲೇ ಇದೆ. ಒಮ್ಮೊಮ್ಮೆ ಮನೆಗಳು ಹಾಗೆ ಅಲುಗಾಡದೆ ನಿಲ್ಲುವುದುಂಟು. ಎದೆಯ ಮೇಲಿನ ಕಲ್ಲು ಇಳಿಯಿತು. ದಾರಿಯಲ್ಲಿ ಹುಸೇನಬಿಗೆಂದು ಬಿಸಿ ಬನ್ನು ಕಟ್ಟಿಸಿಕೊಂಡೆ.

ಜೋಡು ಬಾವಿಯ ಹತ್ತಿರ ನನ್ನ ಮನೆ ಇರಲಿಲ್ಲ. ಹಸಿರು ಬಾಗಿಲಿನ ಯಾವುದೋ ಮನೆಯ ಮುಂದೆ ದಪ್ಪನೆಯ ಹೆಂಗಸೊಬ್ಬಳು ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು.

"ಯಾರು ಬೇಕ್ರಿ ಮುತ್ಯಾ?"

"ಇದು ನನ್ನ ಮನಿ ಇರಬೇಕಾಗಿತ್ತವ್ವಾ."

"ಇದ್ರ ಇರಲೇಳ್ರಿ, ಒಳಗ ಹಿಟ್ಟು ನಾದಿ ಇಟ್ಟೀನಿ, ರೊಟ್ಟಿ ಬಡೀರಿ" ಎಂದು ನಕ್ಕಳು. ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ನಾ ಮುಂಜಾನೆ ಹೋಗಿ ಹೇಳಿ ಬಂದೀನ್ರಿ, ನಾವು ಬಾವಿ ಹತ್ರ ಬಂದೀವಿ ಅಂತ. ನಮ್ಮ ಎಡಬಲಕ್ಕ ನಿಮ್ಮ ಪೈಕಿ ಯಾರೂ ಇಲ್ಲ."

ತಿರುಗಿ ಕಚೇರಿಗೆ ಬರುವಷ್ಟರಲ್ಲಿ ಅಲ್ಲಿ ಜಾತ್ರೆಯ ಹಾಗೆ ಮಂದಿ. ಹಾಲಿನವನು ಹೋದ ಮನೆಯಲ್ಲೆಲ್ಲ ಬೇರೆಯವರೇ ಸಿಕ್ಕಿದ್ದರು. ಮದ್ದು ಕೊಡುವ ನರ್ಸಮ್ಮ ಸೂಜಿ ಹಿಡಿದು ಹೋಗಿ ಗಟ್ಟಿಮುಟ್ಟಾದ ಗಂಡಸೊಬ್ಬನ ಕೈ ಹಿಡಿದಿದ್ದಳಂತೆ. ಅವನು ಮಾಳಿಗೆ ಏರಿ ಕೂತವನು ಇಳಿದಿರಲಿಲ್ಲ. ಎಲ್ಲರಿಗೂ ಒಂದೇ ಉತ್ತರ ಸಿಕ್ಕಿತ್ತು, ನಿನ್ನೆ ಇದ್ದಲ್ಲೇ ಇದೆ ಎಂದು.

"ಒಳಗೊಂದು ಇಟ್ಟೀನಿ ಅಂದಾಗೇ ನನಗ ಸಂಶೇ ಬಂದಿತ್ತು" ಎಂದ ಚೆನ್ನವೀರಪ್ಪ. "ಮನುಷ್ಯಾರ ಹೊಟ್ಟ್ಯಾಗಿಂದೇ ತಿಳಿಯೂದಿಲ್ಲ, ಇನ್ನು ಇದರ ಹೊಟ್ಟ್ಯಾಗಿಂದು ಯಾರಿಗೆ ತಿಳೀಬೇಕು?"

ಗಂಗಾಂಬಿಕಾ ಕಂಪ್ಯೂಟರಿನ ಎದುರಿನಿಂದ ಏಳಲಿಲ್ಲ. ಕೆಳತುಟಿ ಕಚ್ಚಿಕೊಂಡು ಒತ್ತುತ್ತಲೇ ಇದ್ದಳು. ಮಂದಿ ಹೇಳಿದ್ದು ಸರಿಯಿದೆಯೇ ನೋಡಿದಳು, ತಾನು ಬರೆದದ್ದು ಸರಿಯಿದೆಯೇ ನೋಡಿದಳು. ನಾನು ಅವಳ ಎದುರಿಗೆ ನೆಲದ ಮೇಲೆ ಕೂತಿದ್ದೆ. ಬನ್ನಿನ ಪೊಟ್ಟಣ ಕೈಯಲ್ಲೇ ಆರಿಹೋಗಿತ್ತು. ಬಿಸಿಲು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿದ ಮೇಲೆ ಅವಳ ಕೈ ನಿಂತಿತು.

"ಇದಕ್ಕ ಇನ್ನೂ ನಿನ್ನೇನೇ" ಎಂದಳು, ಸಣ್ಣ ದನಿಯಲ್ಲಿ.

"ಏನಂದಿ?"

"ಒಳಗಿನ ಮಷೀನಿನ ಗಡಿಯಾರ ನಿನ್ನೆ ದೀಪ ಹಚ್ಚೂ ಹೊತ್ತಿಗೆ ನಿಂತೈತ್ರಿ. ಆಮ್ಯಾಲ ಎದ್ದು ಅಲ್ಲಿಂದಲೇ ನಡ್ಯಾಕ ಹತ್ತೈತಿ. ಮುಂಜಾನೆ ಮಂದಿ ಬಂದು ಹೇಳಿದಾಗ ಇವತ್ತಿನ ಮಾತು ಆಗಲೇ ಹೇಳೀರಲ್ಲ ಅಂತ ತಿಳಕೊಂಡು ಒಂದನ್ನೂ ತಗೊಂಡಿಲ್ಲ. ಹೇಳಿದ್ದೆಲ್ಲ ಹೊರಗೇ ಬಿದ್ದು ಹೋಗೈತಿ."

"ಯಾಕ ನಿಂತೀತು?"

ಗಂಗಾಂಬಿಕಾ ಕಂಪ್ಯೂಟರಿನ ಮುಚ್ಚಳದ ಮೇಲೆ ಕೈ ಇಟ್ಟಳು. ಅಲ್ಲಿಯವರೆಗೆ ಅದನ್ನು ಮುಚ್ಚಳ ಎಂದು ಯಾರೂ ಅಂದುಕೊಂಡಿರಲಿಲ್ಲ. "ನಾನೇ ಮುಚ್ಚೀನಿ" ಎಂದಳು. "ಇದನ್ನ ಮುಚ್ಚಿದ್ರ ಹೊರಗಿಂದು ಮಲಗತೈತಿ, ಅದರ ಜೋಡಿ ಒಳಗಿಂದೂ. ಗೊತ್ತಿದ್ದದ್ದೇ. ಕಲಿಸಿದ ಮೊದಲ ಪಾಠ ಅದು. ನಿನ್ನೆ ದೀಪ ಹಚ್ಚೂ ಹೊತ್ತಾತು, ಡಬ್ಬಿ ಮುಚ್ಚೀನಿ, ಕಪಾಟ ಮುಚ್ಚೀನಿ, ಇದನ್ನೂ ಮುಚ್ಚೀನಿ."

"ಮುಚ್ಚದ ಮತ್ತೇನು?" ಎಂದ ಚೆನ್ನವೀರಪ್ಪ. ಅವನಿಗೆ ಇದರಲ್ಲಿ ತಪ್ಪೆಲ್ಲಿದೆ ಎಂದೇ ತಿಳಿಯಲಿಲ್ಲ. "ತೆರದಿಟ್ಟು ಹೋಗಾಕ ಬರತೈತೇನು?"

ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ನನಗೂ ಹೊಳೆಯುತ್ತಿರಲಿಲ್ಲ, ಅವಳ ಜಾಗದಲ್ಲಿ ನಾನಿದ್ದರೆ ನಾನೂ ಮುಚ್ಚುತ್ತಿದ್ದೆ.

ಅವಳು ಗಡಿಯಾರ ತಿದ್ದಿದಳು. ಬೆಳಿಗ್ಗೆ ಹೇಳಿದವರೆಲ್ಲ ಮತ್ತೊಮ್ಮೆ ಬಂದು ಹೇಳಬೇಕು ಎಂದು ಊರಲ್ಲಿ ಕೂಗಿಸಿದರು. ಆದರೆ ಮಂದಿ ಕೆಲಸಕ್ಕೆ ಹೋಗಿದ್ದರು, ಹೊಲಕ್ಕೆ ಹೋಗಿದ್ದರು. ಬಂದವರು ಬಂದರು. ಬಂದವರ ಎಡಬಲದಲ್ಲಿ ನನ್ನ ಮನೆ ಇರಲಿಲ್ಲ.

ನಾನು ಬಿಲ್ಲು ಹೆಗಲಿಗೇರಿಸಿ ಹೊರಟೆ. ತಂತಿ ಮೀಟುತ್ತ ಓಣಿ ಹಿಡಿದು ನಡೆದೆ. ಈ ಸದ್ದನ್ನು ಹುಸೇನಬಿ ಎಂಥ ನಿದ್ದೆಯಲ್ಲೂ ಗುರುತು ಹಿಡಿಯುತ್ತಾಳೆ. ಅವಳು ಕೂಗಿದರೆ ಸಾಕು. ಬಿಲ್ಲಿನ ಸದ್ದು ಕೇಳಿ ಹೆಂಗಸರು ಹೊರಗೆ ಬಂದರು, "ನಮ್ಮ ದಿಂಬು ಒಂದು ಐತ್ರಿ" ಎಂದರು. ನಾನು ನಿಲ್ಲಲಿಲ್ಲ. ಹುಣಸೆ ಮರ ದಾಟಿದೆ, ಮಸೀದಿ ದಾಟಿದೆ. ಬೆಳಿಗ್ಗೆ ಹೊಸ ನೆರೆಯವರು ಯಾರೋ ಅವಳ ಬಾಗಿಲು ತೆಗೆದು ಮುಖ ನೋಡಿ ಹೋಗಿರುತ್ತಾರೆ. ಹಗಲೆಲ್ಲ ಬಾಗಿಲು ತೆರೆದಿರುತ್ತದೆ. ಅಡ್ಡಾಗಿದ್ದೇನೆ ಎಂದು ಅವಳು ಹೇಳಿರುತ್ತಾಳೆ, ಅವರು ನಂಬಿರುತ್ತಾರೆ. ಸಂಜೆ ತಾನೇ ಎದ್ದು ಹಾಕಿಕೊಳ್ಳುತ್ತಾಳೆ ಎಂದು ತಮ್ಮ ಬಾಗಿಲು ಹಾಕಿಕೊಂಡು ಕೂಡುತ್ತಾರೆ. ಸಾತವ್ವನಿಗೆ ಹೇಳಿದ ಹಾಗೆ ಇವರಿಗೆ ಹೇಳಲು ನಾನಿಲ್ಲ. ಇದನ್ನೇ ಎಷ್ಟು ಸಲ ಯೋಚಿಸಿದರೂ ಕೊನೆಗೆ ಆ ತೆರೆದ ಬಾಗಿಲಿಗೇ ಬಂದು ನಿಲ್ಲುತ್ತಿದ್ದೆ. ಊರು ಬೆಳೆದದ್ದು ನನಗೆ ಗೊತ್ತಿತ್ತು, ಇಷ್ಟು ಬೆಳೆದದ್ದು ಗೊತ್ತಿರಲಿಲ್ಲ. ಮೊಣಕಾಲು ಸಿಡಿಯುತ್ತಿತ್ತು. ನೆರಳು ಉದ್ದವಾದಾಗ ಅರ್ಧ ಊರು ಉಳಿದಿತ್ತು.

ಮತ್ತೆ ಕಚೇರಿಗೆ ಬಂದೆ. ಅಲ್ಲಿ ಬೇರೆ ಜಗಳ ನಡೆದಿತ್ತು.

"ಮುಚ್ಚಾಕ ಬರೂದಿಲ್ರಿ" ಎನ್ನುತ್ತಿದ್ದಳು ಗಂಗಾಂಬಿಕಾ. "ನಿನ್ನೆ ನಡುವೆ ಮಲಗಿಸಿದ್ದಕ್ಕ ಡೇಟಾಬೇಸು ಅಲ್ಲಲ್ಲಿ ಕೆಟ್ಟೈತಿ. ಹಳೇ ಪ್ರತಿ ಜೋಡಿ ತಾಳೆ ನೋಡಿ ತನ್ನ ತಾನೇ ರಿಪೇರಿ ಮಾಡಿಕೊಳ್ಳಾಕ ಹತ್ತೈತಿ. ಈಗ ಮತ್ತ ಮಲಗಿಸಿದ್ರ ಇದ್ದದ್ದೂ ಹೋಗತೈತಿ. ಮುಚ್ಚಿದ್ರೂ ಎಚ್ಚರ ಇರೂ ಹಂಗ ಮಾಡಿ ನೋಡೀನಿ, ಈ ಸೆಕಿಗೆ ಕಾದು ತಾನೇ ಆರಿಹೋತು."

"ಹಂಗಾರ ತೆರದಿಟ್ಟು ಕಚೇರಿ ಅಗಸಿ ದಾಟಿ ಹೋಗಲೇನು?" ಎಂದ ಚೆನ್ನವೀರಪ್ಪ. "ನಾ ಇದರಾಗೇ ಮಲಗಾಂವ. ನೀ ಹೋಗಿ ನಿಮ್ಮವ್ವನ ಮಗ್ಗುಲಕ್ಕ ಮಲಗತಿ. ಮುಂಜಾನೆ ನಾ ಎಲ್ಲಿ ಏಳಬೇಕು? ತಿಪ್ಪಣ್ಣನ ಹುಂಜದ ಜೋಡಿ?"

ಮಂದಿ ಇಬ್ಭಾಗವಾದರು. ಮುಚ್ಚಿದರೆ ನಾಳೆ ಊರಿಗೆ ಊರೇ ದಾರಿ ತಪ್ಪುತ್ತದೆ. ತೆರೆದಿಟ್ಟರೆ ಕಚೇರಿಯೇ ಇರುವುದಿಲ್ಲ. ಹೊರಗೆ ಹೋಟೆಲಿನವನು ಆಗಲೇ ಬೋಗುಣಿಗಳಿಗೆ ತಟ್ಟೆ ಮುಚ್ಚುತ್ತಿದ್ದ.

"ಮನಿ ಒಳಗ ಇದ್ರಲ್ಲೇನು ಮನಿ ಹೋಗೂದು?" ಎಂದಳು ಗಂಗಾಂಬಿಕಾ. "ಬಯಲಾಗ ಇಡತೀನಿ. ಗಿಡದ ಕೆಳಗ. ಗಿಡಾ ಸರಿಯೂದಿಲ್ಲ. ಬ್ಯಾಟರಿ ತುಂಬೇತಿ, ಬೆಳತನಕಾ ನಡೀತೈತಿ."

"ಅದರ ಮುಂದ ಕುಂಡ್ರಾವ್ರು ಯಾರು? ದೀಪ ಹಚ್ಚೂ ಹೊತ್ತಿಗೆ ಹೊರಗ?"

"ಮುಚ್ಚಿದಾಕಿ ನಾನು. ನಾನೇ ಕುಂಡ್ರತೀನಿ."

ಸರಿಯುವ ಮನೆಗಳ ದಾರಿಯಲ್ಲಿ ಸಿಕ್ಕವರಿಗೆ ಏನಾಗುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ, ಆ ಹೊತ್ತಿನಲ್ಲಿ ಹೊರಗಿದ್ದವರೇ ಇರಲಿಲ್ಲ. ನಾನು, "ಅಗಸಿ ಬೇವಿನ ಗಿಡದ ಕೆಳಗ ಕುಂಡ್ರು ತಂಗಿ. ಕಟ್ಟಿ ಐತಿ. ನಾನೂ ಬರತೀನಿ" ಎಂದೆ.

ಅಗಸಿಯ ಹತ್ತಿರವೇ ಏಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಆ ಕಲ್ಲಿನ ಮೇಲಿನ ಗೆರೆ. ಹೋಗುವ ಮನೆ ಅಲ್ಲಿಂದಲೇ ಹೋಗಬೇಕು.

ಹೋಗುತ್ತ ಅವಳು ತೆರೆದ ಕಂಪ್ಯೂಟರನ್ನು ಎರಡೂ ಕೈಯಲ್ಲಿ ತುಂಬಿದ ಕೊಡದ ಹಾಗೆ ಹಿಡಿದುಕೊಂಡಿದ್ದಳು. ದಾರಿಯುದ್ದಕ್ಕೂ ಬಾಗಿಲು ಹಾಕುವ ಸದ್ದು. ಕಿಟಕಿಯ ಸಂದಿನಿಂದ ಒಬ್ಬಾಕೆ, "ಯಾಕ್ರೇ, ಹುಚ್ಚು ಹಿಡದ್ಯೇನು, ಒಳಗ ಬರ್ರೆ!" ಎಂದು ಕೂಗಿ, ಆ ತೆರೆದ ಮುಚ್ಚಳ ನೋಡಿ ತಾನೇ ಕಿಟಕಿ ಹಾಕಿಕೊಂಡಳು.

ಕಟ್ಟೆಯ ಮೇಲೆ ಕೂತೆವು. ಮಸೀದಿಯಿಂದ ಬಾಂಗ್ ಕೇಳಿಸಿತು, ನಿಂತಿತು. ಕಾಗೆಗಳೂ ಸುಮ್ಮನಾದವು. ಕಂಪ್ಯೂಟರಿನ ಬೆಳಕು ಅವಳ ಗದ್ದದ ಮೇಲೆ ಬಿದ್ದಿತ್ತು. "ಕಾಕಾ, ಮಾತಾಡ್ರಿ ಏನರ" ಎಂದಳು. ನಾನು ಬಿಲ್ಲಿನ ತಂತಿಯನ್ನು ಒಮ್ಮೆ ಮೀಟಿದೆ.

ಆಮೇಲೆ ಮನೆಗಳು ಎದ್ದವು. ನಾನು ಇಷ್ಟು ವರ್ಷ ಒಳಗೆ ಕೂತು ಅದನ್ನು ಏನೇನೋ ಅಂದುಕೊಂಡಿದ್ದೆ. ಹೊರಗೆ ಅದು ಬಹಳ ಮೆತ್ತಗಿತ್ತು. ನೀರು ಕುಡಿದ ದನಗಳು ಹಿಂತಿರುಗುವ ಹಾಗೆ, ಅವಸರವಿಲ್ಲದೆ, ಒಂದರ ಹಿಂದೆ ಒಂದು. ಧೂಳಿಲ್ಲ. ಬಾಗಿಲ ಚಿಲಕಗಳು ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು, ಅಷ್ಟೇ. ಸಣ್ಣ ಮನೆ ಬಂದರೆ ದೊಡ್ಡ ಮನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು. ಕಚೇರಿಯ ಕೆಂಪು ಬಟ್ಟೆ ಮಾಳಿಗೆಗಳ ಮೇಲೆ ತೇಲಿಹೋಯಿತು. ನಮ್ಮ ಕಟ್ಟೆಯ ಹತ್ತಿರ ಬಂದ ಮನೆಗಳು ನಮ್ಮನ್ನು ಕಂಡ ಹಾಗೆ ಒಂದು ಗಳಿಗೆ ನಿಂತು, ಸುತ್ತು ಹಾಕಿ ಹೋದವು. ಗಂಗಾಂಬಿಕಾ ಉಸಿರು ಬಿಟ್ಟಳು. ಆಮೇಲೆ ಅವಳ ಬೆರಳು ಓಡತೊಡಗಿತು. ಕಂಡ ಮನೆಗಳನ್ನೆಲ್ಲ ಗುರುತು ಹಿಡಿದು ಒಳಗೆ ಹಾಕುತ್ತಿದ್ದಳು.

ಎಲ್ಲ ಮನೆಗಳೂ ಅಡ್ಡಡ್ಡ ಹೋಗುತ್ತಿದ್ದವು. ಒಂದು ಮಾತ್ರ ನೇರ ಅಗಸಿಯ ಕಡೆ ಬರುತ್ತಿತ್ತು. ಅದರ ಚಿಲಕದ ಸದ್ದಿರಲಿಲ್ಲ. ಬಾಗಿಲು ಗೋಡೆಗೆ ಒರಗಿ ತೆರೆದಿತ್ತು. ಒಳಗೆ ಕತ್ತಲೆ. ಕಟ್ಟೆಯಿಂದ ಜಿಗಿದವನು ಬಿದ್ದೆ, ಎದ್ದೆ, ಚೌಕಟ್ಟು ಹಿಡಿದೆ. ನೆಲಕ್ಕೂ ಹೊಸ್ತಿಲಿಗೂ ಮೊಣಕಾಲೆತ್ತರ ಅಂತರ. ಹಗಲೆಲ್ಲ ನಡೆದ ಕಾಲು ಮೇಲೆ ಏಳಲಿಲ್ಲ. ಮನೆ ನನ್ನನ್ನು ಎಳೆದುಕೊಂಡೇ ಹೋಗುತ್ತಿತ್ತು. ಹೊಸ್ತಿಲು ಕಲ್ಲಿಗೆ ತಾಗಿ ಕರಕರ ಎಂದಿತು. ಅಷ್ಟರಲ್ಲಿ ಬೆನ್ನಿಗೆ ಒಂದು ಕೈ ಬಿತ್ತು. ಗಂಗಾಂಬಿಕಾ ಒಂದು ಕೈಯಲ್ಲಿ ಆ ತೆರೆದ ಯಂತ್ರವನ್ನು ಎದೆಗವಚಿಕೊಂಡು, ಇನ್ನೊಂದರಿಂದ ನನ್ನನ್ನು ನೂಕಿದಳು. ಒಳಗೆ ಉರುಳಿ, ಬಾಗಿಲನ್ನು ಎಳೆದು, ಬೆನ್ನು ಕೊಟ್ಟು ಕೂತೆ. ಬಿಲ್ಲು ಹೊರಗೇ ಉಳಿಯಿತು.

ಕರಕರ ನಿಂತಿತು. ನೆಲ ಒಂದು ಸಲ ವಾಲಿತು. ಆಮೇಲೆ ಮನೆ ನಿಧಾನವಾಗಿ ಹಿಂದಕ್ಕೆ ತಿರುಗಿದ್ದು ನನ್ನ ಬೆನ್ನಿಗೆ ಗೊತ್ತಾಯಿತು.

"ಬಂದ್ರ್ಯಾ?" ಎಂದಳು ಹುಸೇನಬಿ ಕತ್ತಲೆಯಲ್ಲಿ.

ದೀಪ ಹಚ್ಚಿ ನೋಡಿದೆ. ಅವಳ ಹಾಸಿಗೆಯ ಸುತ್ತಲೂ ಡಬ್ಬಿಗಳು, ಎಲ್ಲಕ್ಕೂ ಮುಚ್ಚಳ. ನೀರಿನ ಹರವಿಗೆ ತಟ್ಟೆ. ದೂರದ ಟ್ರಂಕನ್ನು ಕೋಲಿನಿಂದ ತಳ್ಳಿ ಮುಚ್ಚಿದ್ದಳು, ಕೋಲು ಇನ್ನೂ ಕೈಯಲ್ಲಿತ್ತು.

"ಎಟಕಿದ್ದೆಲ್ಲಾ ಮುಚ್ಚೀನ್ರಿ" ಎಂದಳು. "ಬಾಗಲಾ ಒಂದು ಎಟಕಲಿಲ್ಲ."

"ಮಗ್ಗಲ ಮನಿಯವರನ್ನ ಕೂಗಬೇಕಿಲ್ಲೋ?"

"ಕೂಗಿದ್ರ ಏನಂತಿದ್ರು? ದಾವಲಸಾಬನ ಹೇಣ್ತಿಗೆ ಏಳಾಕ ಬರೂದಿಲ್ಲಂತ ಅಂತಿದ್ರು."

ಅಂದವಳು ಮುಖ ಗೋಡೆಗೆ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ನಾನು ಗೋಡೆಗೆ ಬಾಯಿ ಹಚ್ಚಿ, "ತಂಗೀ, ಅದೀಯೇನು?" ಎಂದು ಕೂಗಿದೆ. "ಅದೀನ್ರಿ ಕಾಕಾ!" ಎಂದು ಎಡಗಡೆಯಿಂದ ಕೇಳಿಸಿತು. ಮತ್ತೆ ಕೂಗಿದೆ. ಈ ಸಲ ಹಿಂದಿನಿಂದ, ಸಣ್ಣದಾಗಿ. ಮೂರನೆಯ ಸಲ ಏನೂ ಕೇಳಿಸಲಿಲ್ಲ. ಅವಳು ಅಲ್ಲೇ ಇದ್ದಳು, ದೂರವಾಗಿದ್ದು ನಾವು ಎಂದು ನನಗೆ ನಾನೇ ಹೇಳಿಕೊಂಡೆ. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದಾಗ ನಾವು ಹುಣಸೆ ಮರದ ಹತ್ತಿರ ಇದ್ದೆವು. ಬಲಕ್ಕೆ ಬಂದವರು ಇಣುಕಿದರು. ಹುಸೇನಬಿ, "ಅಡ್ಡಾಗೀನ್ರಿ" ಎಂದು ಶುರು ಮಾಡುವ ಮೊದಲೇ ನಾನು, "ಆಕಿಗೆ ಏಳಾಕ ಬರೂದಿಲ್ರಿ. ಎಲುಬು ಮುರದೈತಿ. ನಾ ಬರೂತನಕಾ ಕುಂಡ್ರಿ" ಎಂದುಬಿಟ್ಟೆ. ಅವಳು ನನ್ನನ್ನು ನೋಡಿದ ನೋಟವನ್ನು ಬೆನ್ನ ಮೇಲೆ ಹೊತ್ತುಕೊಂಡೇ ಅಗಸಿಗೆ ಹೋದೆ.

ಗಂಗಾಂಬಿಕಾ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕೆಂಪಗಾಗಿತ್ತು, ಕೂದಲ ತುಂಬ ಬೇವಿನ ಎಲೆ. ನನ್ನ ಬಿಲ್ಲು ಅವಳ ಪಕ್ಕದಲ್ಲಿತ್ತು. ಚೆನ್ನವೀರಪ್ಪ ಅವಳಿಗೆ ಚಹಾ ತಂದು ಕೊಟ್ಟು ನಿಂತಿದ್ದ. ಹೇಳುವವರು ಸಾಲಾಗಿ ಬರತೊಡಗಿದ್ದರು.

"ತಾರೀಖು ಯಾವುದೈತಿ ಒಳಗ?" ಎಂದೆ.

"ಇವತ್ತಿಂದೇ" ಎಂದಳು.

"ನಮ್ಮ ಮನಿ ಎಲ್ಲೈತಿ?"

"ಹುಣಸಿ ಗಿಡದ ಹತ್ರ ಕಾಕಾ. ರಾತ್ರಿ ಅಲ್ಲಿಗೇ ಹೋಗಿ ನಿಂತದ್ದು ನೋಡೀನಿ, ಎಡಬಲಾ ಇನ್ನೂ ಗೊತ್ತಿಲ್ಲ." ಈಗಷ್ಟೇ ಅಲ್ಲಿಂದಲೇ ಬಂದಿದ್ದೆ. ಆದರೂ ಅವಳ ಬಾಯಿಂದ ಕೇಳಿದ ಮೇಲೆಯೇ ಬಿಲ್ಲನ್ನು ಹೆಗಲಿಗೆ ಏರಿಸಿಕೊಂಡೆ.

"ಇನ್ನೊಂದು ಮಾತು ಬರಕೋ" ಎಂದೆ. "ಈ ಮನ್ಯಾಗ ಒಬ್ಬಾಕಿಗೆ ಏಳಾಕ ಬರೂದಿಲ್ಲ. ಸಂಜೀಕ ಬಾಗಲಾ ಹಾಕಾಕ ಮಗ್ಗಲ ಮನಿಯವರು ಬರಬೇಕು ಅಂತ. ಮಗ್ಗಲಕ್ಕ ಯಾರೇ ಇರಲಿ, ಅವರಿಗೆ ತಿಳೀಬೇಕು."

ಗಂಗಾಂಬಿಕಾ ಪರದೆಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಅದಕ್ಕ ಜಾಗಾ ಇಲ್ರಿ ಇದರಾಗ" ಎಂದಳು. ಆಮೇಲೆ, "ಮಾಡತೀನಿ ತಡೀರಿ" ಎಂದು ಒತ್ತತೊಡಗಿದಳು.

ನನ್ನ ಹಿಂದೆ ನಿಂತವನು ಹಾಲಿನವನು. ಅವನು ಮುಂದೆ ಬಗ್ಗಿ, "ನಮ್ಮಪ್ಪಗೂ ಕಣ್ಣು ಕಾಣೂದಿಲ್ಲವ್ವಾ, ಬರಿ" ಎಂದ. ಅವನ ಹಿಂದಿನಾಕೆ ಅತ್ತ ಇತ್ತ ನೋಡಿ, ಗಂಗಾಂಬಿಕಾಳ ಕಿವಿಯಲ್ಲಿ ಏನೋ ಹೇಳಿದಳು. ಅಂದು ಸಾಲು ಬಹಳ ನಿಧಾನವಾಗಿ ಸಾಗಿತು. ದಿನಾ ನೆರೆ ಬದಲಾಗುವ ಊರಲ್ಲಿ ಹುಸೇನಬಿಯ ಹಾಗೆ ಎಷ್ಟೊಂದು ಮನೆಯವರು ದಿನಾ ಅಡ್ಡಾಗುತ್ತಿದ್ದರೋ.

ಈಗ ಆ ಯಂತ್ರ ಸಂಜೆಯಾದರೆ ಅಗಸಿಯ ಬೇವಿನ ಕೆಳಗೆ ತಗಡಿನ ನೆರಳಲ್ಲಿ ತೆರೆದೇ ಇರುತ್ತದೆ. ಅದರ ಮುಂದೆ ಸರದಿಯ ಮೇಲೆ ಕೂಡುತ್ತಾರೆ. ಚೆನ್ನವೀರಪ್ಪನ ಸರದಿಯ ದಿನ ಭಜನೆ ಕೇಳಿಸುತ್ತದೆ.

ಹುಸೇನಬಿ ನನ್ನೊಡನೆ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ದೀಪ ಹಚ್ಚುವ ಮೊದಲು ಯಾರೋ ಒಬ್ಬರು ಬಾಗಿಲಲ್ಲಿ ನಿಂತು, "ಹಾಕಲೇನ್ರಿ?" ಎಂದು ಕೇಳಿದಾಗಲೆಲ್ಲ ಮುಖ ಗಂಟು ಹಾಕುತ್ತಿದ್ದಳು. "ಅದರ ಹೊಟ್ಟ್ಯಾಗ ನಮ್ಮ ಮನಿ ಸುದ್ದಿ ಯಾಕ ಬೇಕಾಗಿತ್ತು?" ಎನ್ನುತ್ತಿದ್ದಳು. ಮೊನ್ನೆ ನಾನು ಹತ್ತಿ ಹಿಂಜಿ ತಡವಾಗಿ ಬಂದೆ. ಬಾಗಿಲು ಹಾಕುವವರು ಇನ್ನೂ ಬಂದಿರಲಿಲ್ಲ. ಹುಸೇನಬಿಯ ಹಾಸಿಗೆಯ ಪಕ್ಕ, ಕೋಲಿನಿಂದ ಎಳೆದುಕೊಂಡ ಸ್ಟೋವಿನ ಹತ್ತಿರ, ಒಂದು ಲೋಟ ಚಹಾ ಇತ್ತು. ನನಗೆಂದು ಕೈ ಚಾಚಿದೆ.

"ಅದು ನಿಮಗಲ್ಲ" ಎಂದಳು. "ಬಾಗಲಾ ಹಾಕಾಕ ಬರಾವ್ರಿಗೆ." ಲೋಟದ ಮೇಲೆ ಬಸಿ ಮುಚ್ಚಿ, ದಾರಿ ನೋಡುತ್ತ ಕೂತಳು.